ಗಾಣದ ಎಣ್ಣೆ ಮಾರಲು ರೀಲ್ಸ್ ಸಾಕಾ, ಉದ್ದ ವಿಡಿಯೊ ಬೇಕಾ?

ಪ್ರಶ್ನೆ: ತಿಪಟೂರಿನ ಹತ್ತಿರ ನಮ್ಮದು ಎತ್ತಿನ ಗಾಣ. ಕೊಬ್ಬರಿ ಎಣ್ಣೆ, ಕಡ್ಲೆಕಾಯಿ ಎಣ್ಣೆ ಮಾಡಿ ಬೆಂಗಳೂರು, ತುಮಕೂರಿಗೆ ಕಳಿಸುತ್ತೇವೆ. ಕಡ್ಲೆಕಾಯಿ ಎಣ್ಣೆ ಲೀಟರಿಗೆ 450 ರೂಪಾಯಿ. ಯುಗಾದಿ ಹೊತ್ತಿಗೆ ಮಗಳು ಹಾಕಿದ ಒಂದು ರೀಲ್ 4 ಲಕ್ಷ ವೀವ್ಸ್ ದಾಟಿತು. ಎತ್ತು ಗಾಣ ಸುತ್ತುವುದು, ಹಿಂದೆ ಒಂದು ಸಿನಿಮಾ ಹಾಡು, ಅಷ್ಟೇ. ಆದರೆ ಆ ತಿಂಗಳು ಬಂದ ಹೊಸ ಆರ್ಡರ್ 6 ಮಾತ್ರ. ಈಗ ಒಂದು ಏಜೆನ್ಸಿಯವರು ತಿಂಗಳಿಗೆ 30 ರೀಲ್ಸ್, 35,000 ರೂಪಾಯಿ ಎನ್ನುತ್ತಿದ್ದಾರೆ. ನೆಂಟರೊಬ್ಬರು ಅದೆಲ್ಲ ಬೇಡ, ಯೂಟ್ಯೂಬ್‌ಗೆ ಉದ್ದ ವಿಡಿಯೊ ಮಾಡಿಸಿ ಎನ್ನುತ್ತಾರೆ. ಈಗಿನ ಜನಕ್ಕೆ ಅಷ್ಟು ಹೊತ್ತು ನೋಡುವ ತಾಳ್ಮೆ ಇದೆಯಾ? ಇನ್ನೊಂದು, ಕನ್ನಡದಲ್ಲಿ ಮಾಡಿದರೆ ಸಾಕಾ, ಹಿಂದಿಯಲ್ಲೂ ಬೇಕಾ?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ಆ 30 ರೀಲ್ಸ್ ಪ್ಯಾಕೇಜ್ ಸದ್ಯಕ್ಕೆ ಬೇಡ. ನಿಮಗೆ ಮೊದಲು ಬೇಕಾಗಿರುವುದು ಹತ್ತು ಹನ್ನೆರಡು ನಿಮಿಷದ ಒಂದು ವಿಡಿಯೊ. ಒಂದೇ ಒಂದು. ಅದು ಕೈಯಲ್ಲಿದ್ದರೆ ರೀಲ್ಸ್ ಅದರೊಳಗಿಂದಲೇ ಬರುತ್ತವೆ. ಜೊತೆಗೆ ರೀಲ್ ನೋಡಿ ಆಸಕ್ತಿ ಹುಟ್ಟಿದವರನ್ನು ಕಳಿಸಲು ನಿಮಗೊಂದು ಜಾಗವೂ ಇರುತ್ತದೆ. ಈಗ ಆ ಜಾಗವೇ ಇಲ್ಲ. 4 ಲಕ್ಷ ಬಂದು 6 ಆರ್ಡರ್ ಆಗಿದ್ದು ಅದಕ್ಕೇ. ನಿಮ್ಮ ಎಣ್ಣೆಯಲ್ಲಾಗಲಿ ಮಗಳ ಕೆಲಸದಲ್ಲಾಗಲಿ ಕೊರತೆ ಇಲ್ಲ.

ಮೊದಲು ಆ 4 ಲಕ್ಷದ ಲೆಕ್ಕ ನೋಡೋಣ. ವೀವ್ಸ್ ಬೇರೆ, ಜನ ಬೇರೆ. ಇನ್‌ಸ್ಟಾಗ್ರಾಂ 2024ರ ಆಗಸ್ಟ್‌ನಿಂದ ಎಲ್ಲದಕ್ಕೂ ‘ವೀವ್ಸ್’ ಅನ್ನೇ ಮುಖ್ಯ ಅಳತೆ ಮಾಡಿಕೊಂಡಿದೆ. ರೀಲ್ ಓಡಲು ಶುರುವಾದರೆ ಒಂದು ವೀವ್. ಅದೇ ಮನುಷ್ಯ ಮತ್ತೆ ನೋಡಿದರೆ ಇನ್ನೊಂದು. ಯೂಟ್ಯೂಬ್ ಶಾರ್ಟ್ಸ್‌ನಲ್ಲೂ 2025ರ ಮಾರ್ಚ್ 31ರಿಂದ ಇದೇ ಪದ್ಧತಿ. ಇಷ್ಟು ಸೆಕೆಂಡ್ ನೋಡಿರಲೇಬೇಕು ಎಂಬ ನಿಯಮ ಏನೂ ಇಲ್ಲ, ಓಡಲು ಶುರುವಾದರೆ ಎಣಿಸಿಬಿಡುತ್ತಾರೆ. ಬಸ್ಸಿನಲ್ಲಿ ಕೂತು ಹೆಬ್ಬೆರಳಲ್ಲಿ ಮೇಲಕ್ಕೆ ತಳ್ಳುತ್ತಾ ಹೋದವರೆಲ್ಲ ನಿಮ್ಮ 4 ಲಕ್ಷದಲ್ಲಿ ಸೇರಿದ್ದಾರೆ. ಮಗಳಿಗೆ ಹೇಳಿ, ಆ ರೀಲ್‌ನ ಇನ್‌ಸೈಟ್ಸ್ ತೆಗೆದು ‘ರೀಚ್’, ಅಂದರೆ ಅದು ತಲುಪಿದ ಜನ, ಎಷ್ಟು, ಸರಾಸರಿ ಎಷ್ಟು ಸೆಕೆಂಡ್ ನೋಡಿದ್ದಾರೆ ಅಂತ ನೋಡಲಿ. ಆಮೇಲೆ ನಿಮ್ಮನ್ನು ನೋಡುತ್ತಿರುವವರು ಯಾವ ಊರಿನವರು ಎಂಬ ಪಟ್ಟಿಯನ್ನೂ ನೋಡಲಿ. ಎತ್ತು ಗಾಣ ಸುತ್ತುವ ದೃಶ್ಯಕ್ಕೆ ಭಾಷೆ ಬೇಕಿಲ್ಲ. ಲಖನೌದವರೂ ನೋಡಿರುತ್ತಾರೆ, ಢಾಕಾದವರೂ ನೋಡಿರುತ್ತಾರೆ. ಅವರಿಗೆ ನೀವು ಎಣ್ಣೆ ಕಳಿಸುವುದಿಲ್ಲ, ಅಲ್ವಾ?

ಈ ಅಂಕಿಗಳನ್ನು ಕಣ್ಣುಮುಚ್ಚಿ ನಂಬಬಾರದು ಎನ್ನುವುದಕ್ಕೆ ದೊಡ್ಡ ಉದಾಹರಣೆಯೇ ಇದೆ. 2016ರಲ್ಲಿ ಫೇಸ್‌ಬುಕ್ ತಾನೇ ಒಪ್ಪಿಕೊಂಡಿತು: ಜನ ವಿಡಿಯೊ ನೋಡುವ ಸರಾಸರಿ ಸಮಯವನ್ನು ಎರಡು ವರ್ಷ ಕಾಲ ಜಾಸ್ತಿ ತೋರಿಸಿತ್ತು. 3 ಸೆಕೆಂಡಿಗಿಂತ ಕಡಿಮೆ ನೋಡಿದವರನ್ನು ಲೆಕ್ಕದಿಂದಲೇ ಬಿಟ್ಟಿದ್ದರು. ಜಾಹೀರಾತುದಾರರು ಕೋರ್ಟಿಗೆ ಹೋಗಿ, ಕೊನೆಗೆ 4 ಕೋಟಿ ಡಾಲರ್‌ಗೆ ರಾಜಿ ಆಯಿತು. ಅಷ್ಟು ದೊಡ್ಡ ಕಂಪನಿಗಳೇ ಆ ಅಂಕಿ ನೋಡಿ ದುಡ್ಡು ಸುರಿದಿದ್ದವು ಎಂದಮೇಲೆ, 4 ಲಕ್ಷ ನೋಡಿ ನೀವು ಆಸೆಪಟ್ಟಿದ್ದರಲ್ಲಿ ತಪ್ಪೇನೂ ಇಲ್ಲ.

ಈಗ ನಿಮ್ಮ ರೀಲ್ ನೋಡಿದವರಲ್ಲಿ ನಿಜವಾಗಿ ಕೊಳ್ಳಬಹುದಾದ ಒಬ್ಬರನ್ನು ಹಿಡಿಯೋಣ. ಬೆಂಗಳೂರಿನ ರಾಜಾಜಿನಗರದ ಒಬ್ಬ ಗೃಹಿಣಿ ಅಂದುಕೊಳ್ಳಿ. ಮನೆಯಲ್ಲಿ ವಯಸ್ಸಾದವರು ಇದ್ದಾರೆ, ರಿಫೈನ್ಡ್ ಎಣ್ಣೆ ಬಿಡೋಣ ಅಂತ ಯೋಚನೆ ಇದೆ. ನಿಮ್ಮ ರೀಲ್ ಕಂಡಿತು, ಖುಷಿಯಾಯಿತು, ಲೈಕ್ ಒತ್ತಿದರು. ಪ್ರೊಫೈಲ್ ತೆರೆದರು. ಅಲ್ಲಿ ಇನ್ನೂ ಹತ್ತು ರೀಲ್ಸ್, ಎಲ್ಲದರಲ್ಲೂ ಎತ್ತು, ಗಾಣ, ಹಾಡು. ಬೆಲೆ 450 ಅಂತ ಗೊತ್ತಾಯಿತು. ಅವರ ತಲೆಯಲ್ಲಿ ಆಗ ಏಳುವ ಪ್ರಶ್ನೆಗಳು ನಿಮಗೆ ನನಗಿಂತ ಚೆನ್ನಾಗಿ ಗೊತ್ತು, ದಿನಾ ಫೋನಿನಲ್ಲಿ ಕೇಳುತ್ತೀರಿ. ಅಂಗಡಿ ಎಣ್ಣೆಗಿಂತ ಇಷ್ಟು ಜಾಸ್ತಿ ಯಾಕೆ? ಇದು ನಿಜವಾಗಿ ಗಾಣದ್ದೇನಾ, ಇಲ್ಲ ಫೋಟೊಕ್ಕೆ ಒಂದು ಗಾಣ ಇಟ್ಟುಕೊಂಡು ಬೇರೆ ಕಡೆಯಿಂದ ತಂದು ತುಂಬುತ್ತಾರಾ? ಬೋಂಡ ಕರಿದರೆ ನೊರೆ ಬರುತ್ತಂತಲ್ಲ? ಎಷ್ಟು ದಿನ ಇಡಬಹುದು? ಕೊರಿಯರ್‌ನಲ್ಲಿ ಬಾಟಲಿ ಒಡೆದರೆ ಯಾರು ಹೊಣೆ? ಇವುಗಳಲ್ಲಿ ಒಂದಕ್ಕೂ 20 ಸೆಕೆಂಡಿನ ರೀಲ್ ಉತ್ತರ ಕೊಡಲಿಲ್ಲ. ಅವರು ಫೋನ್ ಪಕ್ಕಕ್ಕಿಟ್ಟರು. ಅಲ್ಲಿಗೆ ಮುಗಿಯಿತು.

ನಾನು ಹೇಳಬೇಕೆಂದಿರುವುದು ಇಷ್ಟೇ. ಗುರುತಿಲ್ಲದವರಿಗೆ ನೀವು ಇದ್ದೀರಿ ಅಂತ ತಿಳಿಸುವ ಕೆಲಸ ಚಿಕ್ಕ ವಿಡಿಯೊದ್ದು. ದುಡ್ಡು ಕೊಡಲು ಹೊರಟವರ ಅನುಮಾನ ಕಳೆಯುವ ಕೆಲಸ ಉದ್ದ ವಿಡಿಯೊದ್ದು. ನಿಮ್ಮ ವ್ಯಾಪಾರ ಸಿಕ್ಕಿಹಾಕಿಕೊಂಡಿರುವುದು ಎರಡನೆಯ ಕಡೆ. ನೀವು ಖರ್ಚು ಮಾಡಲು ಹೊರಟಿರುವುದು ಮೊದಲನೆಯದಕ್ಕೆ.

ಎಲ್ಲರಿಗೂ ಹೀಗೇ ಅಂತಲ್ಲ. ದಾವಣಗೆರೆಯಲ್ಲಿ ಬೆಣ್ಣೆ ದೋಸೆ ಹೋಟೆಲ್ ಇಟ್ಟವರು ನನ್ನನ್ನು ಕೇಳಿದ್ದರೆ ರೀಲ್ಸ್ ಸಾಕು, ಉದ್ದದ್ದಕ್ಕೆ ತಲೆ ಕೆಡಿಸಿಕೊಳ್ಳಬೇಡಿ ಎನ್ನುತ್ತಿದ್ದೆ. ಕಾವಲಿ ಮೇಲೆ ಬೆಣ್ಣೆ ಬಿದ್ದಿದ್ದು ಕಂಡರೆ ಆಯಿತು, ಹಸಿವಾಗುತ್ತದೆ, ಮ್ಯಾಪ್ ಹಾಕಿಕೊಂಡು ಬರುತ್ತಾರೆ. ದೋಸೆ ಬಗ್ಗೆ ಯಾರಿಗೂ ಅನುಮಾನ ಇರುವುದಿಲ್ಲ. ರುಚಿಸದಿದ್ದರೆ ಹೋಗುವುದು ಒಂದು ದೋಸೆಯ ದುಡ್ಡು. ಬೆಲೆ ಕಮ್ಮಿ, ವಿವರಣೆ ಬೇಡ, ಕಣ್ಣಿಗೆ ಕಂಡರೆ ಸಾಕು ಎನ್ನುವ ಸರಕಿಗೆಲ್ಲ ಚಿಕ್ಕದೇ ಸರಿ.

ಎಲ್ಲರಿಗೂ ಆಗಲೇ ಗೊತ್ತಿರುವ ಮುಖ ನಿಮ್ಮ ಕಡೆ ಇದ್ದರೂ ಚಿಕ್ಕದು ಚೆನ್ನಾಗಿ ಓಡುತ್ತದೆ. 2021ರ ಏಪ್ರಿಲ್‌ನಲ್ಲಿ ಬಂದ ಕ್ರೆಡ್ ಜಾಹೀರಾತು, ಕ್ರೆಡಿಟ್ ಕಾರ್ಡ್ ಬಿಲ್ ಕಟ್ಟುವ ಆ್ಯಪ್‌ನದು, ನೆನಪಿದೆಯಾ? ರಾಹುಲ್ ದ್ರಾವಿಡ್ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡು, ಕಾರಿನಿಂದ ಎದ್ದು ನಿಂತು ಇಂದಿರಾನಗರದ ಗೂಂಡಾ ನಾನು ಅಂತ ಕೂಗಾಡುವುದು. ನೋಡಲು ಹೆಚ್ಚು ಹೊತ್ತೇನೂ ಬೇಡ. ದೇಶ ಪೂರ್ತಿ ಅದನ್ನೇ ಮಾತಾಡಿತು. ಅದು ಕೆಲಸ ಮಾಡಿದ್ದು ಯಾಕೆ ಹೇಳಿ? ದ್ರಾವಿಡ್ ಎಷ್ಟು ಶಾಂತ ಮನುಷ್ಯ ಅಂತ ಜನರಿಗೆ ಹದಿನೈದು ಇಪ್ಪತ್ತು ವರ್ಷದಿಂದ ಗೊತ್ತಿತ್ತು. ಆ ಉದ್ದದ ಕೆಲಸವನ್ನು ದ್ರಾವಿಡ್ ಕ್ರೀಸಿನಲ್ಲಿ ನಿಂತು ಮಾಡಿ ಮುಗಿಸಿದ್ದರು, ಜಾಹೀರಾತು ಅದನ್ನು ಬಳಸಿಕೊಂಡಿತು. ನಿಮ್ಮ ಗಾಣದ ಬಗ್ಗೆ ಜನರಿಗೆ ಅಂಥದ್ದೇನೂ ಗೊತ್ತಿಲ್ಲ. ನೀವು ಶುರುವಿನಿಂದ ಹೇಳಬೇಕು.

ಇನ್ನು ತಾಳ್ಮೆಯ ಮಾತು. ಈಗಿನ ಜನಕ್ಕೆ ಪುರಸೊತ್ತಿಲ್ಲ, ಎರಡು ಸೆಕೆಂಡಿಗೆ ತಳ್ಳಿಬಿಡುತ್ತಾರೆ ಎನ್ನುವುದನ್ನು ಏಜೆನ್ಸಿಯವರು ಎಲ್ಲರಿಗೂ ಹೇಳುತ್ತಾರೆ. ಅದು ಅರ್ಧ ಸತ್ಯ. ತಮಗೆ ಬೇಡದ್ದನ್ನು ನೋಡಲು ಜನರಿಗೆ ತಾಳ್ಮೆ ಇಲ್ಲ. ಬೇಕಾದ್ದಕ್ಕೆ ಧಾರಾಳವಾಗಿ ಇದೆ. ಟ್ರ್ಯಾಕ್ಟರ್ ತಗೊಳ್ಳುವ ಮುಂಚೆ ನಿಮ್ಮ ಊರಿನವರು ಯೂಟ್ಯೂಬ್‌ನಲ್ಲಿ ಎಷ್ಟು ಹೊತ್ತು ರಿವ್ಯೂ ನೋಡುತ್ತಾರೆ, ಒಮ್ಮೆ ಕೇಳಿ ನೋಡಿ. ಬೋರ್‌ವೆಲ್ ಮೋಟಾರ್, ಹಾಲು ಕರೆಯುವ ಯಂತ್ರ, ಮಗಳ ಸಿಇಟಿ ಕೌನ್ಸೆಲಿಂಗ್, ಯಾವುದಾದರೂ ತಗೊಳ್ಳಿ. ಕೈಯಿಂದ ದುಡ್ಡು ಹೋಗುತ್ತದೆ ಎಂದಾಗ ಜನ ಅರ್ಧ ಗಂಟೆಯ ವಿಡಿಯೊವನ್ನೂ ಎರಡು ಸಲ ನೋಡುತ್ತಾರೆ.

ಕನ್ನಡದಲ್ಲೇ ನೋಡಿ. ಡಾ. ಬ್ರೋ ಅಂತ ಹೆಸರಾದ ಗಗನ್ ಆಫ್ರಿಕಾ, ಅಫ್ಘಾನಿಸ್ತಾನ ಎಲ್ಲ ಸುತ್ತಿ ಮಾಡಿದ ಉದ್ದುದ್ದ ವಿಡಿಯೊಗಳನ್ನು ಲಕ್ಷಗಟ್ಟಲೆ ಜನ ಮನೆಮಂದಿ ಜೊತೆ ಕೂತು ಟಿವಿಗೆ ಹಾಕಿಕೊಂಡು ನೋಡಿದರು. ಆಮೇಲೆ ಅವರು ‘ಗೋ ಪ್ರವಾಸ’ ಅಂತ ಪ್ರವಾಸದ ಕಂಪನಿಯನ್ನೇ ತೆರೆದರು. ಜನರಿಗೆ ಗಗನ್ ಅವರನ್ನು ಹೊಸದಾಗಿ ಪರಿಚಯ ಮಾಡಿಕೊಡಬೇಕಾದ ಕಷ್ಟವೇ ಇರಲಿಲ್ಲ. ಗಂಟೆಗಟ್ಟಲೆ ಜೊತೆ ಸುತ್ತಿದ ಹುಡುಗ, ನಂಬಬಹುದು ಎನ್ನುವ ಭಾವನೆ ಮೊದಲೇ ಕೂತಿತ್ತು.

ತದ್ವಿರುದ್ಧದ ಕಥೆಯೂ ಇದೆ. ಅಮೆರಿಕದಲ್ಲಿ ಕ್ವಿಬಿ ಅಂತ ಒಂದು ಆ್ಯಪ್ ಬಂತು, 2020ರ ಏಪ್ರಿಲ್‌ನಲ್ಲಿ. ಮೊಬೈಲ್‌ನಲ್ಲಿ ನೋಡುವ ಜನಕ್ಕೆ ಹತ್ತು ನಿಮಿಷದೊಳಗಿನ ಕಂತುಗಳೇ ಬೇಕು ಎನ್ನುವುದು ಅವರ ನಂಬಿಕೆ. ಹೂಡಿಕೆದಾರರಿಂದ ತಂದ ದುಡ್ಡು ಸುಮಾರು 175 ಕೋಟಿ ಡಾಲರ್. ಅದೇ ಡಿಸೆಂಬರ್‌ಗೆ ಬಾಗಿಲು ಹಾಕಿತು. ಚಿಕ್ಕದು ಎಂದ ಮಾತ್ರಕ್ಕೆ ಜನ ನೋಡಿಬಿಡುವುದಿಲ್ಲ.

ಬ್ರ್ಯಾಂಡ್‌ಗಳೂ ಉದ್ದದ್ದನ್ನು ಮಾಡಿ ಗೆದ್ದಿವೆ. 2013ರ ನವೆಂಬರ್‌ನಲ್ಲಿ ಗೂಗಲ್ ಭಾರತದಲ್ಲಿ ಒಂದು ಜಾಹೀರಾತು ಬಿಟ್ಟಿತು. ದೇಶ ವಿಭಜನೆಯಲ್ಲಿ ಬೇರೆಯಾದ ಇಬ್ಬರು ಮುದುಕರು, ಒಬ್ಬರು ದಿಲ್ಲಿಯಲ್ಲಿ, ಇನ್ನೊಬ್ಬರು ಲಾಹೋರ್‌ನಲ್ಲಿ. ಮೊಮ್ಮಗಳು ಗೂಗಲ್‌ನಲ್ಲಿ ಹುಡುಕಿ ಅವರಿಬ್ಬರನ್ನು ಸೇರಿಸುತ್ತಾಳೆ. ಮೂರೂವರೆ ನಿಮಿಷ. ಟಿವಿ ಜಾಹೀರಾತು ಅಂದರೆ 30 ಸೆಕೆಂಡ್ ಅಂತಿದ್ದ ಕಾಲ ಅದು. ಜನ ಕಣ್ಣೊರೆಸಿಕೊಂಡು ನೋಡಿ, ಬೇರೆಯವರಿಗೂ ಕಳಿಸಿದರು. ಮರುವರ್ಷ ಬೆಂಗಳೂರಿನ ಕಾಮನ್‌ಫ್ಲೋರ್, ಮನೆ ಹುಡುಕಿಕೊಡುವ ವೆಬ್‌ಸೈಟ್, ಹಿಂದಿಯಲ್ಲಿ ವೆಬ್ ಸರಣಿ ಮಾಡುವ ಟಿವಿಎಫ್‌ನವರ ಒಂದು ಸರಣಿಗೆ ಪ್ರಾಯೋಜಕನಾಯಿತು. ಒಟ್ಟಿಗೆ ಬಾಳಲು ಹೊರಟ ಜೋಡಿಯ ಕಥೆ ಅದು. ಮನೆ ಹುಡುಕುವುದು ಆ ಕಥೆಯೊಳಗೇ ಸಹಜವಾಗಿ ಬರುತ್ತದೆ. ಕಾಮನ್‌ಫ್ಲೋರ್ ಅಂತ ಅರಚಬೇಕಾಗಲೇ ಇಲ್ಲ.

ಸರಿ, ನಿಮ್ಮ ವಿಡಿಯೊಗೆ ಬರೋಣ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇಲ್ಲೇ ಎಲ್ಲರೂ ಎಡವುವುದು.

ಶುರುವಿನಲ್ಲಿ ಸೂರ್ಯೋದಯ, ಡ್ರೋನ್‌ನಲ್ಲಿ ತೆಂಗಿನ ತೋಟ, ‘ನಮ್ಮ ಪೂರ್ವಜರ ಕಾಲದಿಂದ’ ಎನ್ನುವ ದಪ್ಪ ದನಿ, ಇವು ಯಾವುದೂ ಬೇಡ. ತಕ್ಕಡಿಯಿಂದ ಶುರು ಮಾಡಿ. ತಕ್ಕಡಿ ಮೇಲೆ ಕಡ್ಲೆಬೀಜ ಸುರಿಯಿರಿ, ತೂಕ ಕ್ಯಾಮೆರಾಗೆ ಕಾಣಲಿ. ಗಾಣದಲ್ಲಿ ಒಂದು ಲೀಟರ್ ಕಡ್ಲೆಕಾಯಿ ಎಣ್ಣೆ ಬರಲು ಎರಡೂವರೆಯಿಂದ ಮೂರು ಕೆಜಿ ಬೀಜ ಬೇಕು, ಅಲ್ವಾ? ಕೊಬ್ಬರಿಯಾದರೆ ಎರಡು ಕೆಜಿ ಹತ್ತಿರ ಹತ್ತಿರ. ಇದು ನಿಮಗೆ ದಿನಬೆಳಗಿನ ಮಾತು, ರಾಜಾಜಿನಗರದ ಆ ಗೃಹಿಣಿಗೆ ಗೊತ್ತೇ ಇಲ್ಲ. ಆ ದಿನದ ಬೀಜದ ರೇಟು ಹೇಳಿ. ಆಮೇಲೆ ಅಷ್ಟು ಬೀಜದ ಗುಡ್ಡೆಯ ಪಕ್ಕ ಒಂದು ಲೀಟರಿನ ಖಾಲಿ ಬಾಟಲಿ ಇಡಿ. 450 ಯಾಕೆ ಎನ್ನುವುದಕ್ಕೆ ಇನ್ನೊಂದು ಮಾತೂ ಬೇಕಾಗುವುದಿಲ್ಲ, ಅವರೇ ಮನಸ್ಸಿನಲ್ಲಿ ಗುಣಿಸಿಕೊಳ್ಳುತ್ತಾರೆ. ‘ಇಷ್ಟು ಬೀಜದಿಂದ ಇಷ್ಟೇ ಎಣ್ಣೆ ಬರುವುದು, ಹೇಗೆ ಅಂತ ಪೂರ್ತಿ ತೋರಿಸುತ್ತೇನೆ’ ಅಂತ ಹೇಳಿ ಗಾಣಕ್ಕೆ ಸುರಿಯಿರಿ. ಮೊದಲ 30 ಸೆಕೆಂಡ್ ಇಷ್ಟೇ ಇರಲಿ.

ಗಾಣ ತಿರುಗುವಾಗ ಹಾಡು ಹಾಕಬೇಡಿ. ಆ ಕಿರುಗುಟ್ಟುವ ಶಬ್ದವೇ ಇರಲಿ. ಬೀಜ ಪುಡಿಯಾಗಿ, ಉಂಡೆಕಟ್ಟಿ, ಪಕ್ಕದಲ್ಲಿ ಎಣ್ಣೆ ಜಿನುಗಲು ಶುರುವಾಗುವ ಹೊತ್ತನ್ನು ಹತ್ತಿರದಿಂದ ತೆಗೆಯಿರಿ. ನೀರು ಚಿಮುಕಿಸುವ ಪದ್ಧತಿ ಇದ್ದರೆ ಅದನ್ನೂ ತೋರಿಸಿ, ಮುಚ್ಚಿಡಬೇಡಿ, ಯಾಕೆ ಅಂತಲೂ ಹೇಳಿ. ಆಮೇಲೆ ಎಣ್ಣೆ ತಿಳಿಯಾಗಲು ಬಿಡುವುದು, ಬಟ್ಟೆಯಲ್ಲಿ ಸೋಸುವುದು, ತಳದಲ್ಲಿ ಉಳಿಯುವ ಗಷ್ಟು, ಹಿಂಡಿಯನ್ನು ಯಾರು ಒಯ್ಯುತ್ತಾರೆ, ಎಲ್ಲ ಬರಲಿ. ಇದೆಲ್ಲ ಬೋರ್ ಆಗುತ್ತೆ ಅಂತ ನಿಮಗೆ ಅನಿಸುತ್ತದೆ, ಯಾಕೆಂದರೆ ನೀವು ದಿನಾ ನೋಡುತ್ತೀರಿ. ಎಣ್ಣೆ ಹೇಗೆ ಆಗುತ್ತದೆ ಅಂತ ಒಮ್ಮೆಯೂ ನೋಡದೆ ಬರೀ ಪ್ಯಾಕೆಟ್ ಕತ್ತರಿಸಿ ಸುರಿದವರಿಗೆ ಅದು ಬೋರ್ ಅಲ್ಲ.

ಎತ್ತಿನ ವಿಷಯವೂ ಬರಲೇಬೇಕು. ನಿಮ್ಮ ರೀಲ್ ಕೆಳಗೆ ‘ಎತ್ತಿಗೆ ಹಿಂಸೆ ಅಲ್ವಾ’ ಅಂತ ಕಾಮೆಂಟ್ ಬಂದೇ ಇರುತ್ತದೆ. ಎಷ್ಟು ಹೊತ್ತು ದುಡಿಸುತ್ತೀರಿ, ಯಾವಾಗ ಬಿಚ್ಚುತ್ತೀರಿ, ಬಿಸಿಲಲ್ಲಿ ಏನು ಮಾಡುತ್ತೀರಿ, ಏನು ಮೇವು ಹಾಕುತ್ತೀರಿ, ಕಣ್ಣಿಗೆ ಬಟ್ಟೆ ಕಟ್ಟುವುದಿದ್ದರೆ ಯಾಕೆ ಕಟ್ಟುತ್ತೀರಿ, ಇದನ್ನು ಎತ್ತಿನ ಪಕ್ಕದಲ್ಲೇ ನಿಂತು ಹೇಳಿ. ಕಾಮೆಂಟಿನಲ್ಲಿ ಜಗಳ ಆಡುವುದಕ್ಕಿಂತ ಈ ಎರಡು ನಿಮಿಷ ನಿಮಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಕೊನೆಗೆ ಅಡುಗೆಮನೆ. ನಿಮ್ಮ ಮನೆಯವರು ಅದೇ ಎಣ್ಣೆಯಲ್ಲಿ ಬೋಂಡ ಹಾಕಲಿ. ನೊರೆ ಬರಲಿ, ಬರುವುದನ್ನೇ ತೋರಿಸಿ. ರಿಫೈನ್ ಮಾಡದ ಎಣ್ಣೆಯಲ್ಲಿ ನೊರೆ ಬರುವುದುಂಟು, ಅದಕ್ಕೆ ಬಾಣಲೆ ತುಂಬಾ ಸುರಿಯಬೇಡಿ ಅಂತ ನೇರವಾಗಿ ಹೇಳಿ. ಕುಂದನ್ನು ನೀವೇ ಮೊದಲು ಬಾಯಿಬಿಟ್ಟು ಹೇಳಿದರೆ ಉಳಿದಿದ್ದನ್ನೂ ಜನ ನಂಬುತ್ತಾರೆ.

ಒಂದು ಎಚ್ಚರಿಕೆ. ಸಕ್ಕರೆ ಕಾಯಿಲೆ ಹೋಗುತ್ತದೆ, ಹಾರ್ಟ್ ಬ್ಲಾಕ್ ಕರಗುತ್ತದೆ, ಇಂಥ ಮಾತು ಅಪ್ಪಿತಪ್ಪಿಯೂ ಬೇಡ. ಆಹಾರ ಪದಾರ್ಥದ ಜಾಹೀರಾತಿನಲ್ಲಿ ರೋಗ ವಾಸಿಯಾಗುತ್ತದೆ ಅಂತ ಹೇಳಿಕೊಳ್ಳಲು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2018ರ ನಿಯಮಗಳ ಪ್ರಕಾರ ಅವಕಾಶವಿಲ್ಲ. ಬೇರೆ ಚಾನೆಲ್‌ನವರಿಗೆ ದುಡ್ಡೋ ಎಣ್ಣೆಯೋ ಕೊಟ್ಟು ಮಾತಾಡಿಸಿದರೆ ಅದು ಜಾಹೀರಾತು ಅಂತ ಅವರು ಕಾಣುವ ಹಾಗೆ ಹಾಕಬೇಕು. ಜಾಹೀರಾತು ಮಾನದಂಡ ಮಂಡಳಿ 2021ರಿಂದಲೇ ಇದನ್ನು ಹೇಳುತ್ತಿದೆ.

ತಾಂತ್ರಿಕ ವಿಷಯಗಳಲ್ಲಿ ಎರಡು ಮೂರು ಮಾತ್ರ ಹೇಳುತ್ತೇನೆ. ಉದ್ದ ವಿಡಿಯೊಗೆ ಮೊಬೈಲ್ ಅಡ್ಡ ಹಿಡಿಯಿರಿ. 2024ರ ಅಕ್ಟೋಬರ್ 15ರಿಂದ ಯೂಟ್ಯೂಬ್‌ನಲ್ಲಿ 3 ನಿಮಿಷದವರೆಗಿನ ನಿಲುವು ವಿಡಿಯೊ ಹಾಕಿದರೆ ಅದು ಶಾರ್ಟ್ಸ್ ಲೆಕ್ಕಕ್ಕೆ ಹೋಗುತ್ತದೆ. ಆಡಿಯೊಗೆ ಕಾಲರ್ ಮೈಕ್ ಬೇಕೇಬೇಕು. ಚಿತ್ರ ಸ್ವಲ್ಪ ಮಂಕಾದರೆ ಜನ ಸಹಿಸುತ್ತಾರೆ, ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ಹೆಸರು ‘ನಮ್ಮ ಗಾಣದ ಪಯಣ’ ಅಂತೆಲ್ಲ ಇಡಬೇಡಿ. ಜನ ಹುಡುಕುವ ಮಾತನ್ನೇ ಇಡಿ: ‘ಗಾಣದ ಎಣ್ಣೆ ಯಾಕೆ ಇಷ್ಟು ದುಬಾರಿ?’ ವಿವರಣೆಯ ಜಾಗದಲ್ಲಿ 0:00ಯಿಂದ ಶುರು ಮಾಡಿ ಸಮಯ ಬರೆದು, ಮುಂದೆ ಏನಿದೆ ಅಂತ ಹಾಕಿದರೆ ಯೂಟ್ಯೂಬ್ ಅದನ್ನು ಅಧ್ಯಾಯಗಳಾಗಿ ಒಡೆದು ತೋರಿಸುತ್ತದೆ. ನೊರೆ ವಿಷಯ ಮಾತ್ರ ಬೇಕಾದವರು ಅಲ್ಲಿಗೇ ಹಾರಬಹುದು.

ಈಗ ಚಿಕ್ಕದಕ್ಕೆ ಬನ್ನಿ. ನಮ್ಮ ದೇಶದಲ್ಲಿ ಟಿಕ್‌ಟಾಕ್ 2020ರ ಜೂನ್ 29ಕ್ಕೆ ನಿಂತಿತು. ಜುಲೈನಲ್ಲಿ ರೀಲ್ಸ್ ಬಂತು, ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಶಾರ್ಟ್ಸ್ ಲೋಕದಲ್ಲೇ ಮೊದಲು ಇಲ್ಲಿಗೆ ಬಂತು. ಅಂದಿನಿಂದ ಹೊಸಬರ ಕಣ್ಣಿಗೆ ಬೀಳಲು ಇವುಗಳಷ್ಟು ಸುಲಭದ ದಾರಿ ಇನ್ನೊಂದಿಲ್ಲ. ಅದನ್ನು ಬಿಡುವ ಪ್ರಶ್ನೆಯೇ ಇಲ್ಲ. ಆದರೆ ಒಂದು ಚಿಕ್ಕ ವಿಡಿಯೊದಲ್ಲಿ ಒಂದೇ ಅನುಮಾನ ಹಿಡಿಯಿರಿ. ತಕ್ಕಡಿ ಮತ್ತು ಬಾಟಲಿ ಒಂದು. ಬೋಂಡದ ನೊರೆ ಇನ್ನೊಂದು. ಡಿಸೆಂಬರ್‌ನಲ್ಲಿ ಬೆಂಗಳೂರಿನವರೆಲ್ಲ ಕೇಳುವ ಪ್ರಶ್ನೆ, ‘ಕೊಬ್ಬರಿ ಎಣ್ಣೆ ಗಟ್ಟಿಯಾಗಿದೆ, ಏನಾದರೂ ಬೆರೆಸಿದ್ದೀರಾ?’ ಅದಕ್ಕೆ 40 ಸೆಕೆಂಡ್ ಸಾಕು. ಸುಮಾರು 24 ಡಿಗ್ರಿಗಿಂತ ಕೆಳಗಿಳಿದರೆ ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತದೆ, ಅದು ಅದರ ಗುಣ. ಗಟ್ಟಿಯಾದ ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗುವುದನ್ನು ತೋರಿಸಿ. ಇದನ್ನು ನವೆಂಬರ್ ಕೊನೆಗೆ ಹಾಕಿ, ಮರುವರ್ಷವೂ ಹಾಕಿ.

ಸಿನಿಮಾ ಹಾಡಿನ ಬಗ್ಗೆ ಹುಷಾರು. ಸ್ವಂತ ಖುಷಿಗೆ ಹಾಕುವುದು ಬೇರೆ, ವ್ಯಾಪಾರಕ್ಕೆ ಬಳಸುವುದು ಬೇರೆ. ಇನ್‌ಸ್ಟಾಗ್ರಾಂನ ಬಿಸಿನೆಸ್ ಖಾತೆಗೆ ಹೆಚ್ಚಿನ ಸಿನಿಮಾ ಹಾಡುಗಳು ಸಿಗದೇ ಇರುವುದು ಈ ಕಾರಣಕ್ಕೇ. ಯೂಟ್ಯೂಬ್‌ನಲ್ಲಿ ಒಂದು ನಿಮಿಷ ಮೀರಿದ ಶಾರ್ಟ್ಸ್‌ನಲ್ಲಿ ಹಾಡಿನ ಹಕ್ಕುದಾರರ ಕ್ಲೇಮ್ ಬಿದ್ದರೆ ವಿಡಿಯೊವನ್ನೇ ತಡೆಹಿಡಿಯುತ್ತಾರೆ. ಗಾಣದ ಶಬ್ದಕ್ಕೆ ಯಾರ ಹಕ್ಕೂ ಇಲ್ಲ.

ಚಿಕ್ಕದನ್ನು ನೋಡಿದವರು ಉದ್ದದ್ದಕ್ಕೆ ಹೋಗುವ ದಾರಿಯನ್ನು ನೀವೇ ಮಾಡಿಕೊಡಬೇಕು. ಶಾರ್ಟ್ಸ್‌ನ ವಿವರಣೆಯಲ್ಲೋ ಕಾಮೆಂಟಿನಲ್ಲೋ ಹಾಕಿದ ಲಿಂಕ್ 2023ರ ಆಗಸ್ಟ್ ಕೊನೆಯಿಂದ ಒತ್ತಿದರೆ ತೆರೆಯುವುದಿಲ್ಲ. ಅದರ ಬದಲು ಅಪ್‌ಲೋಡ್ ಮಾಡಿದ ಮೇಲೆ, ಚಾನೆಲ್ ನೋಡಿಕೊಳ್ಳುವ ಯೂಟ್ಯೂಬ್ ಸ್ಟುಡಿಯೊದಲ್ಲಿ ಸಂಬಂಧಿತ ವಿಡಿಯೊ ಜೋಡಿಸುವ ಜಾಗ ಇದೆ, ಅಲ್ಲಿ ನಿಮ್ಮ ಉದ್ದ ವಿಡಿಯೊ ಸೇರಿಸಿ. ಇನ್‌ಸ್ಟಾಗ್ರಾಂನಲ್ಲಿ ಕ್ಯಾಪ್ಷನ್ ಲಿಂಕ್ ಕೆಲಸ ಮಾಡುವುದಿಲ್ಲ, ಪ್ರೊಫೈಲಿನ ಬಯೋದಲ್ಲಿ ಹಾಕಿ. ಎಷ್ಟೋ ಜನ ರೀಲ್ ಮೇಲೆ ರೀಲ್ ಮಾಡುತ್ತಾರೆ, ಈ ಒಂದು ಕೆಲಸ ಮಾಡುವುದಿಲ್ಲ. ನೋಡಿ ನೋಡಿ ಬೇಜಾರಾಗುತ್ತದೆ ನನಗೆ, ಅಷ್ಟು ಕಷ್ಟಪಟ್ಟು ಬಂದವರನ್ನು ಬಾಗಿಲಲ್ಲೇ ಬಿಟ್ಟಂತೆ.

ಆದರೆ ನಿಮಗೆ ಉದ್ದ ವಿಡಿಯೊದ ನಿಜವಾದ ಉಪಯೋಗ ಆಗುವುದು ಯೂಟ್ಯೂಬ್‌ಗಿಂತ ವಾಟ್ಸ್‌ಆ್ಯಪ್‌ನಲ್ಲಿ. ರೇಟ್ ಎಷ್ಟು ಅಂತ ಮೆಸೇಜ್ ಬರುತ್ತದೆ. ನೀವು 450 ಅಂತೀರಿ. ಅವರು ಸುಮ್ಮನಾಗುತ್ತಾರೆ. ಇನ್ನು ಮುಂದೆ ಬೆಲೆಯ ಜೊತೆ ಆ ವಿಡಿಯೊ ಲಿಂಕ್ ಕಳಿಸಿ: ‘ಪುರಸೊತ್ತಾದಾಗ ನೋಡಿ, ಆಮೇಲೆ ಬೇಕಾದರೆ ಹೇಳಿ.’ ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ಕ್ವಿಕ್ ರಿಪ್ಲೈ ಅಂತ ಇದೆ, ಇದನ್ನು ಒಮ್ಮೆ ಬರೆದಿಟ್ಟರೆ ಪ್ರತಿ ಸಲ ಟೈಪ್ ಮಾಡಬೇಕಿಲ್ಲ. ಆ ವಿಡಿಯೊಗೆ ಬರೀ 900 ವೀವ್ಸ್ ಬಂದರೂ ಚಿಂತೆ ಬೇಡ. ಆ 900ರಲ್ಲಿ ಕೊಳ್ಳುವ ಮನಸ್ಸಿರುವವರೇ ಜಾಸ್ತಿ ಇರುತ್ತಾರೆ. ಮತ್ತೆ, ರೀಲ್ ಸಾಮಾನ್ಯವಾಗಿ ಕೆಲವು ದಿನ ಓಡಿ ತಣ್ಣಗಾಗುತ್ತದೆ. ಜನ ಹುಡುಕುವ ಪ್ರಶ್ನೆಗೆ ಸರಿಯಾಗಿ ಉತ್ತರ ಕೊಡುವ ವಿಡಿಯೊ ಯೂಟ್ಯೂಬ್‌ನಲ್ಲಿ ವರ್ಷಗಟ್ಟಲೆ ಸಿಗುತ್ತಿರುತ್ತದೆ.

ಲೆಕ್ಕ ಇಡುವುದು ಹೇಗೆ? ವಾಟ್ಸ್‌ಆ್ಯಪ್ ಲಿಂಕ್ ಮಾಡುವಾಗ ಮೊದಲೇ ಒಂದು ಸಾಲು ತುಂಬಿಡಬಹುದು. ಯೂಟ್ಯೂಬ್‌ನಲ್ಲಿ ಹಾಕುವ ಲಿಂಕಿಗೆ ‘ಯೂಟ್ಯೂಬ್ ನೋಡಿ ಬಂದೆ’, ಇನ್‌ಸ್ಟಾಗ್ರಾಂ ಬಯೋದ ಲಿಂಕಿಗೆ ‘ಇನ್‌ಸ್ಟಾ ನೋಡಿ ಬಂದೆ’. ಮಗಳು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ: ಎಲ್ಲಿಂದ ಬಂದರು, ಕೊಂಡರಾ, ಎರಡನೇ ಸಲ ಕೊಂಡರಾ. ಎಣ್ಣೆ ವ್ಯಾಪಾರದಲ್ಲಿ ಲಾಭ ಇರುವುದು ಎರಡನೇ ಸಲ ತಗೊಳ್ಳುವವರಲ್ಲಿ. ಏಜೆನ್ಸಿ ಕೊಡುವ ತಿಂಗಳ ವರದಿಯಲ್ಲಿ ಆ ಕಾಲಂ ಇರುವುದಿಲ್ಲ.

ಆ 35,000ವನ್ನು ಏನು ಮಾಡುವುದು? ನಿಮ್ಮ ಊರಿನ ಕಡೆ ಮದುವೆ ವಿಡಿಯೊ ಮಾಡುವವರು ಇದ್ದೇ ಇರುತ್ತಾರೆ. ಆಷಾಢದಲ್ಲಿ ಮದುವೆ ಇರುವುದಿಲ್ಲ, ಅವರೂ ಬಿಡುವಾಗಿರುತ್ತಾರೆ, ಕ್ಯಾಮೆರಾ, ಲೈಟು, ಎಡಿಟಿಂಗ್ ಎಲ್ಲ ಅವರ ಹತ್ತಿರವೇ ಇರುತ್ತದೆ. ಒಂದು ಪೂರ್ತಿ ದಿನಕ್ಕೆ ಮಾತಾಡಿ. ಮದುವೆ ವಿಡಿಯೊ ಥರ ಹೂವು ಹಾರುವ ಎಫೆಕ್ಟ್ ಬೇಡ ಅಂತ ಮೊದಲೇ ಹೇಳಿ. ತೆಗೆದಿದ್ದೆಲ್ಲವನ್ನೂ ಹಾರ್ಡ್‌ಡಿಸ್ಕಿಗೆ ಹಾಕಿಸಿಕೊಳ್ಳಿ, ಮಗಳು ಅದರಿಂದ ತಿಂಗಳುಗಟ್ಟಲೆ ರೀಲ್ಸ್ ಕತ್ತರಿಸಬಹುದು, ವಾರಕ್ಕೆ ಎರಡು ಸಾಕು. ಉಳಿದ ದುಡ್ಡಿನಲ್ಲಿ ಚೆನ್ನಾಗಿ ಓಡಿದ ಒಂದೆರಡು ರೀಲ್ಸ್ ಅನ್ನು ಬೆಂಗಳೂರು, ತುಮಕೂರಿಗೆ ಮಾತ್ರ ಜಾಹೀರಾತಾಗಿ ಹಾಕಿ, ಒತ್ತಿದರೆ ವಾಟ್ಸ್‌ಆ್ಯಪ್ ತೆರೆಯುವ ಹಾಗೆ. ಏಜೆನ್ಸಿಯವರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಆದರೆ ತಿಂಗಳಿಗೆ 30 ಅಂದರೆ ದಿನಕ್ಕೊಂದು. ಒಂದಕ್ಕೆ 1,200 ರೂಪಾಯಿಯೂ ಬೀಳಲಿಲ್ಲ. ಅಷ್ಟರಲ್ಲಿ ಯಾರೂ ಬೆಂಗಳೂರಿನಿಂದ ಬಂದು ನಿಮ್ಮ ಗಾಣದ ಪಕ್ಕ ಕೂರುವುದಿಲ್ಲ. ಹಬ್ಬದ ಶುಭಾಶಯ, ಎಲ್ಲಿಂದಲೋ ತಂದ ಕ್ಲಿಪ್ಪು, ಟ್ರೆಂಡಿಂಗ್ ಆಡಿಯೊ, ಇದರಲ್ಲೇ ತಿಂಗಳು ಮುಗಿಯುತ್ತದೆ. ಆದರೂ ಅವರನ್ನೇ ಇಟ್ಟುಕೊಳ್ಳಬೇಕು ಅನಿಸಿದರೆ, 30ರ ಬದಲು 6 ಮಾಡಿ, ಆರೂ ನಮ್ಮ ಗಾಣದಲ್ಲೇ ತೆಗೆದದ್ದಾಗಿರಲಿ ಅಂತ ಕೇಳಿ ನೋಡಿ.

ಭಾಷೆ ಬಗ್ಗೆ ಕೇಳಿದ್ದೀರಿ. ಸದ್ಯಕ್ಕೆ ಕನ್ನಡ ಮಾತ್ರ. ನಿಮ್ಮ ಎಣ್ಣೆ ಹೋಗುವುದು ಬೆಂಗಳೂರು, ತುಮಕೂರಿಗೆ, ಅಲ್ಲಿ ಗಾಣದ ಎಣ್ಣೆ ಹುಡುಕುವ ಕನ್ನಡದ ಮನೆಗಳೇ ನಿಮಗೆ ಪೂರೈಸಲಾಗದಷ್ಟಿವೆ. ತಿಪಟೂರು ಅಂದರೆ ಕೊಬ್ಬರಿ ಅಂತ ಅವರಿಗೆ ಮೊದಲೇ ಗೊತ್ತು, ಆ ಹೆಸರನ್ನು ವಿಡಿಯೊದಲ್ಲಿ ಧಾರಾಳವಾಗಿ ಬಳಸಿ. ಮಾತಾಡುವವರು ನೀವೇ ಆಗಿರಿ. ಮಗಳು ಪಕ್ಕದಲ್ಲಿ ನಿಂತು ಪ್ರಶ್ನೆ ಕೇಳಲಿ, ಫೋನಿನಲ್ಲಿ ಗಿರಾಕಿಗಳು ಕೇಳುವ ಹಾಗೇ ಕೇಳಲಿ. ಬರೆದುಕೊಂಡು ಓದಬೇಡಿ, ಪುಸ್ತಕದ ಕನ್ನಡ ಬೇಡ. ಕ್ಯಾಮೆರಾ ನೋಡುವುದು ಕಷ್ಟ ಅನಿಸಿದರೆ ಮಗಳ ಮುಖ ನೋಡಿ ಉತ್ತರ ಕೊಡಿ, ಕೈ ಗಾಣದ ಕೆಲಸ ಮಾಡುತ್ತಿರಲಿ. ಹಿಂದಿ ಯೋಚನೆಯನ್ನು ಪುಣೆಗೋ ಹೈದರಾಬಾದಿಗೋ ನಿಯಮಿತವಾಗಿ ಪಾರ್ಸೆಲ್ ಹೋಗಲು ಶುರುವಾದ ಮೇಲೆ ಮಾಡಿ. ಆಗಲೂ ಇದೇ ವಿಡಿಯೊಗೆ ಸಬ್‌ಟೈಟಲ್ ಹಾಕಿದರೆ ಸಾಕಾಗುತ್ತದೆ.